ಬಾನೆಟ್ ಎತ್ತದ ಇಂಜಿನಿಯರುಗಳು

ಆಯುಧಪೂಜೆ ದಿನ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಹೋದರೂ ಒಂದೇ ನೋಟ. ಕಾರಿಗೆ ಚೆಂಡುಹೂವಿನ ಹಾರ, ಬಾನೆಟ್ಟಿಗೆ ಅರಿಶಿನ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು, ಎದುರಿಗೆ ಒಡೆದ ಬೂದುಗುಂಬಳಕಾಯಿ. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೋದು ಉಳಿದ 364 ದಿನಗಳ ಬಗ್ಗೆ. ಕುಂಕುಮ ಹಚ್ಚಿದ ಆ ತಗಡನ್ನು ಒಮ್ಮೆಯಾದರೂ ಎತ್ತಿ, ಒಳಗೆ ಏನಿದೆ ಅಂತ ಬಗ್ಗಿ ನೋಡಿದವರು ಎಷ್ಟು ಜನ? ಡಿಪ್‌ಸ್ಟಿಕ್ ಎಲ್ಲಿದೆ ಅಂತ ತೋರಿಸಬಲ್ಲವರು ಎಷ್ಟು ಜನ? ತಮಾಷೆ ಏನಂದ್ರೆ, ಅಲ್ಲಿ ಕೈಮುಗಿದು ನಿಂತವರಲ್ಲಿ ಬಹಳಷ್ಟು ಮಂದಿ ಇಂಜಿನಿಯರುಗಳು. ನಾನೂ ಬಿಇ ಮಾಡಿದವನೇ, ಹೊಟ್ಟೆಪಾಡಿಗೆ ಕೋಡ್ ಬರೆಯುವವನೇ. ಹಾಗಾಗಿ ನಮ್ಮವರನ್ನು ಬೈಯುವ ಸಲಿಗೆ ನನಗಿದೆ ಅಂದುಕೊಂಡೇ ಇದನ್ನ ಬರೀತಿದ್ದೀನಿ.

ನಾನು ಮಾಕಳಿದುರ್ಗದವನು. ಭಾನುವಾರ ಬೆಳಿಗ್ಗೆ ನೀವು ಬೆಟ್ಟ ಹತ್ತೋಕೆ ಬಂದು, ಇಳಿದ ಮೇಲೆ ರೈಲು ಹಳಿ ಪಕ್ಕ ಫೋಟೋ ತೆಗೆಸಿಕೊಂಡು ಹೋಗ್ತೀರಲ್ಲ, ಅದೇ ಊರು. ವಾರದಲ್ಲಿ ಐದು ದಿನ ಬೆಂಗಳೂರು. ಉಳಿದ ಎರಡು ದಿನ ಊರಿನ ಮನೆ, ಹಸುಗಳಿಲ್ಲದೆ ಖಾಲಿ ಬಿದ್ದಿರುವ ಕೊಟ್ಟಿಗೆ, ಅದರೊಳಗೆ ಒಂದು ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್. ಅದನ್ನು ನೋಡಿದ ಆಫೀಸಿನ ಗೆಳೆಯರು ಕೇಳೋದು ಒಂದೇ ಪ್ರಶ್ನೆ: "ಗುರು, ಇದಕ್ಕೆಲ್ಲ ಟೈಮ್ ಎಲ್ಲಿಂದ ತರ್ತೀಯ? ಯಾರಾದ್ರೂ ಮೆಕ್ಯಾನಿಕ್‌ಗೆ ಕೊಟ್ಟು ಆರಾಮಾಗಿ ಇರಬಾರ್ದಾ?"

ಇರಬಾರದು. ಯಾಕೆ ಅಂತ ಹೇಳ್ತೀನಿ.

ಮೊದಲು ಒಂದು ವಿಷಯ ಇತ್ಯರ್ಥ ಆಗಲಿ. ಬ್ರಿಟಿಷ್ ಸ್ಪೋರ್ಟ್ಸ್ ಕಾರ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಅರಮನೆ, ಮಹಾರಾಜರು, ಇಲ್ಲಾಂದ್ರೆ ವಿಂಟೇಜ್ ರ‍್ಯಾಲಿಯಲ್ಲಿ ಹ್ಯಾಟ್ ಹಾಕಿಕೊಂಡು ಕೈಬೀಸುವ ಉದ್ಯಮಿ. ಆದರೆ ಆ ಕಾರುಗಳ ಒಡಹುಟ್ಟಿದವು ನಮ್ಮ ಬೀದಿಯಲ್ಲೇ ಓಡಾಡಿಕೊಂಡಿದ್ದವು. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ 1959ರಲ್ಲಿ ಬಂತು. ಅದರ ಅಂದಚೆಂದ ರೂಪಿಸಿದವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. 1961ರಿಂದ ಅದೇ ಕಾರನ್ನು ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಅನ್ನೋ ಹೆಸರಲ್ಲಿ ತಯಾರಿಸಿದರು. ಮಾರನೇ ವರ್ಷ ಇಂಗ್ಲೆಂಡಿನಲ್ಲಿ ಹೆರಾಲ್ಡ್‌ನ ಚಾಸಿಯನ್ನೇ ಗಿಡ್ಡ ಮಾಡಿ, ಮೇಲೆ ಎರಡು ಸೀಟಿನ ಬಾಡಿ ಕೂರಿಸಿ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರ್ ಮಾಡಿದರು. ಅಂದ್ರೆ ಮದ್ರಾಸಿನ ಡಾಕ್ಟ್ರು, ಮೇಷ್ಟ್ರು ಓಡಿಸುತ್ತಿದ್ದ ಹೆರಾಲ್ಡ್ ಅಕ್ಕ, ಇಂಗ್ಲೆಂಡಿನ ಹುಡುಗರು ರೇಸಿಗೆ ಒಯ್ದ ಸ್ಪಿಟ್‌ಫೈರ್ ತಮ್ಮ.

ಅಂಬಾಸಿಡರ್ ಕಥೆಯೂ ಇದೇ. ನಿಮ್ಮ ತಾತ ಮನೆಮಂದಿಯನ್ನೆಲ್ಲ ತುಂಬಿಕೊಂಡು ಘಾಟಿ ಸುಬ್ರಹ್ಮಣ್ಯಕ್ಕೆ ಹೋದ ಪೆಟ್ರೋಲ್ ಅಂಬಾಸಿಡರ್‌ನಲ್ಲಿದ್ದ 1489 ಸಿಸಿ ಇಂಜಿನ್, 1955ರ ಎಂಜಿಎ ಸ್ಪೋರ್ಟ್ಸ್ ಕಾರಿನ ಇಂಜಿನ್ ಎರಡೂ ಒಂದೇ ಕುಲ, ಬಿಎಂಸಿ ಕಂಪನಿಯ ಬಿ ಸೀರೀಸ್. ಅದನ್ನೇ 1798 ಸಿಸಿಗೆ ಹಿಗ್ಗಿಸಿ 1962ರಲ್ಲಿ ಎಂಜಿಬಿಗೆ ಹಾಕಿದರು. 1980ರಲ್ಲಿ ಅಬಿಂಗ್ಡನ್ ಕಾರ್ಖಾನೆಯ ಬಾಗಿಲು ಮುಚ್ಚುವ ಹೊತ್ತಿಗೆ 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಆಚೆ ಬಂದಿದ್ದವು. ಹಾಗಾಗಿ ಆ ಇಂಜಿನ್ನಿನ ವಾಲ್ವ್ ಸದ್ದು ನಮ್ಮೂರಿನ ಗ್ಯಾರೇಜುಗಳಿಗೆ ಹೊಸದೇನಲ್ಲ. ಹೊಸದಾಗಿರೋದು ನಮ್ಮಂಥ ಓದಿದವರಿಗೆ.

ಹೆರಾಲ್ಡ್‌ನ ಬಾನೆಟ್ ಎತ್ತಿ ನೋಡಿ. ಬಾನೆಟ್ ಅಷ್ಟೇ ಅಲ್ಲ, ಮಡ್‌ಗಾರ್ಡ್, ಹೆಡ್‌ಲೈಟ್ ಸಮೇತ ಕಾರಿನ ಇಡೀ ಮೂತಿ ಮುಂದಕ್ಕೆ ಬಗ್ಗಿ ತೆರೆದುಕೊಳ್ಳುತ್ತೆ. ಇಂಜಿನ್, ಸ್ಟೀರಿಂಗ್, ಸಸ್ಪೆನ್ಷನ್ ಎಲ್ಲ ಕಣ್ಣೆದುರಿಗೆ. ಮುಂದಿನ ಟಯರ್ ಮೇಲೆ ಕೂತು ಕೆಲಸ ಮಾಡಬಹುದು. ಇದನ್ನು ಮಾಡಿದವರು "ಇವನು ಬಿಚ್ಚೇ ಬಿಚ್ಚುತ್ತಾನೆ" ಅಂತ ನಂಬಿಕೊಂಡೇ ಮಾಡಿದ್ದಾರೆ. ಆ ಕಾಲದ ಮಾಲೀಕರ ಕೈಪಿಡಿಗಳಲ್ಲಿ ಪಾಯಿಂಟ್ ಗ್ಯಾಪ್ ಹೇಗೆ ಹಿಡಿಯೋದು, ಟ್ಯಾಪೆಟ್ ಹೇಗೆ ಸೆಟ್ ಮಾಡೋದು ಅಂತ ಬರೆದಿರುತ್ತಿತ್ತು. ಇವತ್ತಿನ ಕೈಪಿಡಿ ತೆಗೆದರೆ ಪುಟಕ್ಕೊಂದು ಸಲ "ಅಧಿಕೃತ ಸರ್ವಿಸ್ ಸೆಂಟರನ್ನು ಸಂಪರ್ಕಿಸಿ". ಹತ್ತು ಹದಿನೈದು ಲಕ್ಷ ಕೊಟ್ಟು ತಗೊಂಡವನಿಗೆ ಬ್ಲೂಟೂತ್ ಜೋಡಿಸೋದು ಹೇಗೆ ಅಂತ ಮಾತ್ರ ವಿವರವಾಗಿ ಹೇಳಿಕೊಡ್ತಾರೆ.

ಮನೆಯಲ್ಲಿ ಇದನ್ನು ನೋಡಿಕೊಳ್ಳೋಕೆ ಏನೇನು ಬೇಕು? ಇಂಚಿನ ಅಳತೆಯ ಸ್ಪ್ಯಾನರ್ ಸೆಟ್ (ನಮ್ಮ 10, 12ರ ಮಿಲಿಮೀಟರ್ ಸ್ಪ್ಯಾನರ್ ಹಾಕಿ ಒತ್ತಿದರೆ ನಟ್ಟಿನ ಮೂಲೆ ಸವೆದು ಹೋಗುತ್ತೆ), ಒಂದು ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಒಂದು ಟೆಸ್ಟ್ ಲ್ಯಾಂಪ್, ಗಟ್ಟಿಮುಟ್ಟಾದ ಜ್ಯಾಕ್, ಜ್ಯಾಕಿಗಿಂತ ಗಟ್ಟಿಯಾದ ಎರಡು ಸ್ಟ್ಯಾಂಡು. ಡಿಸ್ಟ್ರಿಬ್ಯೂಟರ್ ಪಾಯಿಂಟ್ ಗ್ಯಾಪ್ 0.015 ಇಂಚು. ಪ್ಲಗ್ ಗ್ಯಾಪ್ 0.025 ಇಂಚು. ಕಿಡಿ ಹೊತ್ತುವ ಸರದಿ 1-3-4-2. ಟ್ಯಾಪೆಟ್ ಹಿಡಿಯೋಕೆ ಬಾಯಿಲೆಕ್ಕ ಒಂದಿದೆ: ಎಂಟು ವಾಲ್ವುಗಳಿಗೆ ಮುಂದಿನಿಂದ ನಂಬರ್ ಕೊಡಿ, ಕೂಡಿದರೆ ಒಂಬತ್ತು ಬರಬೇಕು. ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಹಿಡಿ, ಆರನೆಯದು ತೆರೆದಾಗ ಮೂರನೆಯದನ್ನು ಹಿಡಿ. ಅಷ್ಟೇ. ಐದನೇ ಕ್ಲಾಸಿನ ಕೂಡುವ ಲೆಕ್ಕ.

ನಾವು ಇಂಜಿನಿಯರಿಂಗ್‌ನಲ್ಲಿ ಕಾರ್ಬ್ಯುರೇಟರ್ ಬಗ್ಗೆ ಬರೆದದ್ದು ಗೊತ್ತಲ್ಲ? ಅಂದವಾದ ಚಿತ್ರ, ಬಾಣದ ಗುರುತು, ಹತ್ತು ಅಂಕ. ಚಿತ್ರಕ್ಕೆ ಪೆನ್ಸಿಲ್ ಶೇಡಿಂಗ್ ಕೊಟ್ಟವರಿಗೆ ಇನ್ನೊಂದು ಅಂಕ. ಲ್ಯಾಬಿನಲ್ಲಿ ಗಾಜಿನ ಕಪಾಟಿನೊಳಗೆ ಅರ್ಧ ಕೊಯ್ದು ಬಣ್ಣ ಹಚ್ಚಿದ ಇಂಜಿನ್ ಒಂದಿತ್ತು. ಕಪಾಟಿಗೆ ಬೀಗ. ಬೀಗದ ಕೈ ಅಟೆಂಡರ್ ಹತ್ತಿರ. ಬಿಇ ಅಂದ್ರೆ ಬೀಗದ ಆಚೆ ನಿಂತು ನೋಡೋದು ಅಂತ ನಮ್ಮನ್ನು ತಯಾರು ಮಾಡಿದ್ದು ಹೀಗೆ. ಕೈ ಕಪ್ಪಾಗೋ ಕೆಲಸ ಡಿಪ್ಲೊಮಾದವರದು, ಅದಕ್ಕಿಂತ ಕಪ್ಪಾಗೋದು ಐಟಿಐನವರದು, ಪೂರ್ತಿ ಕಪ್ಪಾಗೋದು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಗ್ಯಾರೇಜ್ ಹುಡುಗನದು. ಈ ಏಣಿಯನ್ನು ಎಲ್ಲಿ ನೋಡಿದ್ದೀವಿ ಅಂತ ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೈಲಿಗೆಗೆ ಗ್ರೀಸಿನ ಬಣ್ಣ ಬಳಿದಿದ್ದೀವಿ, ಅಷ್ಟೇ.

ನಾನು ಬೆಳೆದ ಕಡೆ ಈ ಭೇದ ಇಷ್ಟು ಚೊಕ್ಕವಾಗಿರಲಿಲ್ಲ. ಎತ್ತಿನಗಾಡಿಗೆ ಕೀಲೆಣ್ಣೆ ಹಾಕೋಕೆ ನಮ್ಮಪ್ಪ ಯಾರನ್ನೂ ಕರೆಯುತ್ತಿರಲಿಲ್ಲ. ಪಂಪ್‌ಸೆಟ್ ನೀರು ಎತ್ತಲಿಲ್ಲ ಅಂದ್ರೆ ಮೊದಲು ಫ್ಯೂಸ್, ಆಮೇಲೆ ಸ್ಟಾರ್ಟರ್, ಆಮೇಲೆ ಫುಟ್‌ವಾಲ್ವ್, ಹೀಗೆ ಒಂದೊಂದೇ ಕಳೆದುಕೊಂಡು ಬರೋರು. ಪಕ್ಕದ ದೊಡ್ಡಬಳ್ಳಾಪುರದಲ್ಲಿ ಮನೆಮನೆಯೊಳಗೆ ವಿದ್ಯುತ್ ಮಗ್ಗ. ಮಗ್ಗದ ಸದ್ದಿನಲ್ಲಿ ಒಂದು ತಾಳ ತಪ್ಪಿದರೆ ನೇಯೋರು ಊಟದ ತಟ್ಟೆ ಬಿಟ್ಟು ಎದ್ದು ಹೋಗ್ತಾರೆ. ಅವರ್ಯಾರೂ ಇದನ್ನ ಟ್ರಬಲ್‌ಶೂಟಿಂಗ್ ಅಂತ ಕರೆಯಲಿಲ್ಲ. ಅದು ಬದುಕು. ಅವರ ಮಕ್ಕಳು ನಾವು ಓದಿ, ಆ ಪದವನ್ನು ರೆಸ್ಯೂಮೆಯಲ್ಲಿ ಬರೆದುಕೊಂಡು, ಕೆಲಸವನ್ನು ಮರೆತೆವು.

ಒಂದು ನಿಜವಾದ ಕೇಸು ಹೇಳ್ತೀನಿ. ಹೋದ ಬೇಸಿಗೆಯಲ್ಲಿ ಹೆರಾಲ್ಡ್ ಒಂದು ಚಾಳಿ ಹಿಡಿಯಿತು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. ಘಾಟಿ ದಾಟಿ ತೂಬಗೆರೆ ಕಡೆ ಇಪ್ಪತ್ತು ನಿಮಿಷ ಓಡಿಸಿದರೆ ಕೆಮ್ಮಿ ಕೆಮ್ಮಿ ನಿಲ್ಲೋದು. ಅರ್ಧ ಗಂಟೆ ಬಿಟ್ಟರೆ ಮತ್ತೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್. ಬೆಂಗಳೂರಿನ ಒಂದು ಗ್ಯಾರೇಜಿಗೆ ಫೋನಿನಲ್ಲಿ ವಿವರಿಸಿದೆ. ಕಾರು ನೋಡದೆಯೇ ಅವರು ಹೇಳಿದ ಪಟ್ಟಿ: ಹೊಸ ಕಾರ್ಬ್ಯುರೇಟರ್, ಹೊಸ ಪೆಟ್ರೋಲ್ ಪಂಪ್, ಪೂರ್ತಿ ಹೊಸ ವೈರಿಂಗ್. ಎಸ್ಟಿಮೇಟ್ ಎಂಬತ್ತು ಸಾವಿರ. ಪ್ರೊಡಕ್ಷನ್‌ನಲ್ಲಿ ಬಗ್ ಬಂದಾಗ ಲಾಗ್ ನೋಡದೆ "ಸರ್ವರ್ ಬದಲಾಯಿಸಿ" ಅನ್ನೋ ಮ್ಯಾನೇಜರನ್ನು ನಾವು ಕ್ಯಾಂಟೀನಲ್ಲಿ ಕೂತು ಆಡಿಕೊಳ್ಳಲ್ವಾ? ಕಾರಿನ ವಿಷಯ ಬಂದರೆ ಅದೇ ಮಾತಿಗೆ ತಲೆಯಾಡಿಸಿ ಕಾರ್ಡ್ ಉಜ್ಜುತ್ತೇವೆ.

ಪೆಟ್ರೋಲ್ ಇಂಜಿನ್ ಓಡೋಕೆ ಬೇಕಾದ್ದು ಕೆಲವೇ: ಸರಿಯಾದ ಅಳತೆಯ ಪೆಟ್ರೋಲ್ ಮತ್ತು ಗಾಳಿ, ಗಟ್ಟಿಯಾದ ಒತ್ತಡ, ಸರಿಯಾದ ಹೊತ್ತಿಗೆ ಕಿಡಿ. ಕಾರು ನಿಂತ ಜಾಗದಲ್ಲೇ ಒಂದೊಂದನ್ನು ಕಳೆಯುತ್ತ ಬಂದೆ. ಕಾರ್ಬ್ಯುರೇಟರಿಗೆ ಬರುವ ಪೈಪ್ ಬಿಚ್ಚಿ ಸ್ಟಾರ್ಟರ್ ತಿರುಗಿಸಿದರೆ ಪೆಟ್ರೋಲ್ ಚೆನ್ನಾಗಿಯೇ ಬರ್ತಿತ್ತು. ಅಲ್ಲಿಗೆ ಪಂಪ್ ನಿರಪರಾಧಿ. ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಇಂಜಿನ್ನಿನ ಮೈಗೆ ತಾಗಿಸಿ ಇಟ್ಟು ತಿರುಗಿಸಿದೆ. ತಣ್ಣಗಿದ್ದಾಗ ನೀಲಿ ಕಿಡಿ, ಚಟ್ ಅನ್ನೋ ಸದ್ದು. ಬಿಸಿಯಾದಾಗ ಹಳದಿ, ಸೊರಗಿದ ಕಿಡಿ, ಆಮೇಲೆ ಅದೂ ಇಲ್ಲ. ಬಿಸಿಗೆ ಸೋತು ತಣ್ಣಗಾದ ಮೇಲೆ ಎದ್ದು ಕೂರೋ ಗಿರಾಕಿಗಳು ಇಬ್ಬರು: ಕಾಯಿಲ್, ಇಲ್ಲಾ ಕಂಡೆನ್ಸರ್. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ನೋಡಿದರೆ ಪಾಯಿಂಟ್ ಮುಖ ಸುಟ್ಟು ಗುಂಡಿ ಬಿದ್ದಿತ್ತು. ಕಂಡೆನ್ಸರ್ ಕೈಕೊಟ್ಟಾಗ ಆಗೋದೇ ಅದು. ಜೆ.ಸಿ. ರೋಡಿನಲ್ಲಿ ಇಬ್ಬರು ತಿಂಡಿ ತಿನ್ನೋ ದುಡ್ಡಿಗೆ ಹೊಸ ಕಂಡೆನ್ಸರ್, ಹೊಸ ಪಾಯಿಂಟ್ ಸಿಕ್ಕಿತು. ಒಂದು ಸ್ಕ್ರೂ ಬಿಚ್ಚಿ ಕಂಡೆನ್ಸರ್ ಹಾಕಿ, ಪಾಯಿಂಟ್ ಗ್ಯಾಪ್ ಹಿಡಿದೆ. ಆ ಚಾಳಿ ಮತ್ತೆ ಬಂದಿಲ್ಲ.

ಇಲ್ಲಿ ಉಳಿದ ದುಡ್ಡು ಸಣ್ಣ ವಿಷಯ. ಎಂಬತ್ತು ಸಾವಿರ ಸುರಿದು ಮೂರು ಭಾಗ ಬದಲಾಯಿಸಿದ್ದರೆ ಕಾಯಿಲೆ ಏನು ಅಂತ ನನಗೂ ಗೊತ್ತಾಗುತ್ತಿರಲಿಲ್ಲ, ಅವರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದೇ ವಾಸಿಯಾದದ್ದು ಗೊತ್ತಾಗದೇ ಮತ್ತೆ ಬರುತ್ತೆ. ಬ್ರಿಟಿಷರು ತಮ್ಮ ಕಾರುಗಳ ಲ್ಯೂಕಾಸ್ ವೈರಿಂಗ್ ಬಗ್ಗೆ ಜೋಕ್ ಮಾಡಿಕೊಳ್ತಾರೆ, ಲ್ಯೂಕಾಸ್ ಅಂದ್ರೆ ಕತ್ತಲೆಯ ರಾಜಕುಮಾರ ಅಂತ. ಟೆಸ್ಟ್ ಲ್ಯಾಂಪ್ ಹಿಡಿದು ಬೆನ್ನುಹತ್ತಿದರೆ ಆ ಕತ್ತಲೆ ಬಹಳ ಸಲ ಮುಗಿಯೋದು ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟಿನ ಹತ್ತಿರ, ಇಲ್ಲಾಂದ್ರೆ ಸಡಿಲವಾದ ಒಂದು ಕನೆಕ್ಟರಿನ ಹತ್ತಿರ. ಉಪ್ಪುಕಾಗದ ಉಜ್ಜಿ ಬಿಗಿ ಮಾಡಿದರೆ ಬೆಳಕು.

ಇನ್ನು ವಿಂಟೇಜ್ ಪ್ರಿಯರ ಬಗ್ಗೆ ಎರಡು ಮಾತು. ನಂದಿ ರೋಡಿನಲ್ಲಿ ಭಾನುವಾರ ಫಳಫಳ ಹೊಳೆಯೋ ಹಳೇ ಕಾರುಗಳು ಸಾಲಾಗಿ ಬರ್ತವೆ. ಕಣ್ಣಿಗೆ ಹಬ್ಬ, ಸುಳ್ಳಲ್ಲ. ಆದರೆ ಮಾಲೀಕರನ್ನು ಮಾತಾಡಿಸಿ. ಬಣ್ಣದ ಮೂಲ ಹೆಸರು ಗೊತ್ತು, ಯಾವ ಹರಾಜಿನಲ್ಲಿ ಎಷ್ಟಕ್ಕೆ ಹೋಯ್ತು ಅಂತ ಗೊತ್ತು. ಮುಂದಿನ ಚಕ್ರದ ಟ್ರನಿಯನ್‌ಗೆ ಯಾವ ಎಣ್ಣೆ ಅಂತ ಕೇಳಿದರೆ "ಅದನ್ನ ನಮ್ಮ ಹುಡುಗ ನೋಡ್ಕೋತಾನೆ". ಟ್ರಯಂಫ್‌ನ ಈ ಕೀಲಿಗೆ ಗ್ರೀಸ್ ತುಂಬಬಾರದು, ಇಪಿ 90 ಗೇರ್ ಆಯಿಲ್ ಹಾಕಬೇಕು. ಎಣ್ಣೆ ಬಿಟ್ಟು ಗ್ರೀಸ್ ತುಂಬಿ ಮರೆತರೆ ಒಂದು ದಿನ ಕೀಲು ಮುರಿದು ಚಕ್ರ ಮಡಚಿಕೊಳ್ಳುತ್ತೆ. ಕೀಲೆಣ್ಣೆಯ ಮಹಿಮೆ ಗಾಡಿ ಹೊಡೆದ ರೈತನಿಗೆ ಗೊತ್ತು, ಕಲೆಕ್ಟರ್ ಅನ್ನಿಸಿಕೊಂಡವರಿಗೆ ಗೊತ್ತಿಲ್ಲ. ಆ "ಹುಡುಗ"ನಿಗೆ ಐವತ್ತೈದು ವರ್ಷ ವಯಸ್ಸು, ಫೋಟೋದಲ್ಲಿ ಅವನು ಇರಲ್ಲ.

ನನ್ನ ವಾದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಒಂದು, ಹಳೇ ಕಾರು ಹೊಗೆ ಉಗುಳುತ್ತೆ. ನಿಜ. ದಿನಾ ಸಿಲ್ಕ್ ಬೋರ್ಡ್‌ಗೆ ಇದನ್ನ ಓಡಿಸಿ ಅಂತ ನಾನೂ ಹೇಳಲ್ಲ. 2021ರ ಕೇಂದ್ರದ ನಿಯಮ 50 ವರ್ಷ ದಾಟಿದ ಮೂಲ ರೂಪದ ವಾಹನಗಳಿಗೆ 'ವಿಎ' ಅನ್ನೋ ಪ್ರತ್ಯೇಕ ನಂಬರ್ ಕೊಟ್ಟು, ದಿನನಿತ್ಯದ ಓಡಾಟಕ್ಕೆ ಬಳಸಬಾರದು ಅನ್ನುತ್ತೆ. ಅದೇ ನಿಯಮ ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ, ಪ್ರದರ್ಶನಕ್ಕೆ, ರ‍್ಯಾಲಿಗೆ ರಸ್ತೆಗಿಳಿಸಲು ಬಿಡುತ್ತೆ. ಟ್ಯೂನ್ ಮಾಡಿದ ಹಳೇ ಇಂಜಿನ್ ಟ್ಯೂನ್ ಮಾಡದ ಹಳೇ ಇಂಜಿನ್ನಿಗಿಂತ ಕಡಿಮೆ ಹೊಗೆ ಬಿಡುತ್ತೆ ಅನ್ನೋದೂ ಅಷ್ಟೇ ನಿಜ. ಎರಡು, ಅಪಾಯ. ಇದೂ ನಿಜ. ಬರೀ ಜ್ಯಾಕ್ ನಂಬಿಕೊಂಡು ಕಾರಿನ ಕೆಳಗೆ ನುಸುಳೋದು ಧೈರ್ಯ ಅಲ್ಲ, ಪೆದ್ದತನ. ಬ್ರೇಕ್ ಕೆಲಸವನ್ನು ಬಲ್ಲವರ ಪಕ್ಕ ನಿಂತು ಕಲಿಯೋ ತನಕ ಒಬ್ಬರೇ ಮುಟ್ಟಬೇಡಿ.

ಮೂರನೆಯದು ಇ20 ಪೆಟ್ರೋಲ್. ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಹಳೇ ಕಾರಿನ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್‌ಗಳನ್ನು ಎಥೆನಾಲ್ ಮೆತ್ತಗೆ ತಿನ್ನುತ್ತೆ. ಇಂಜಿನ್ ಪಕ್ಕ ಪೆಟ್ರೋಲ್ ಜಿನುಗಿದರೆ ಬೆಂಕಿ. ಹಾಗಂತ ಕಾರು ಗುಜರಿಗೆ ಹಾಕಬೇಕಾ? ಎಥೆನಾಲ್ ತಡೆಯೋ ಪೈಪ್ ಹಾಕಿ, ತಿಂಗಳುಗಟ್ಟಲೆ ಪೆಟ್ರೋಲ್ ಟ್ಯಾಂಕಿನಲ್ಲಿ ಕೊಳೆಯೋಕೆ ಬಿಡಬೇಡಿ, ಪ್ರತಿ ಸಲ ಸ್ಟಾರ್ಟ್ ಮಾಡೋ ಮುಂಚೆ ಮೂಗಿನಿಂದ ವಾಸನೆ ನೋಡಿ. ಬಾನೆಟ್ ಎತ್ತುವವನಿಗೆ ಇದು ಹತ್ತು ನಿಮಿಷದ ಕೆಲಸ. ಎತ್ತದವನಿಗೆ ಇದು ಗಂಡಾಂತರ.

ನಾಲ್ಕನೇ ಆಕ್ಷೇಪ ನನಗೆ ನಿಜಕ್ಕೂ ಮುಖ್ಯ: "ಹಾಗಾದ್ರೆ ಮೆಕ್ಯಾನಿಕ್ ಹೊಟ್ಟೆ ಮೇಲೆ ಹೊಡೀತೀಯಾ?" ದೊಡ್ಡಬಳ್ಳಾಪುರದಲ್ಲಿ ಒಬ್ಬರು ಹಳೇ ಮೆಕ್ಯಾನಿಕ್ ಇದ್ದಾರೆ. ನಾನು ಅವರನ್ನು ಭಾಯ್ ಅಂತೀನಿ, ಅವರು ನನ್ನನ್ನು "ಇಂಜಿನಿಯರ್ ಸಾಹೇಬ್ರೇ" ಅಂತ ಕಿಚಾಯಿಸ್ತಾರೆ. ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು, ತುದಿ ಇಂಜಿನ್ನಿಗಿಟ್ಟು, ಬೇರಿಂಗ್ ಸದ್ದೋ ಟ್ಯಾಪೆಟ್ ಸದ್ದೋ ಹೇಳ್ತಾರೆ. ನಾನು ಪಾಯಿಂಟ್ ಹಿಡಿಯೋದು ಕಲಿತ ಮೇಲೆ ಅವರ ಹತ್ತಿರ ಹೋಗೋದು ಕಡಿಮೆ ಆಗಲಿಲ್ಲ, ಜಾಸ್ತಿ ಆಯ್ತು. ಮುಂಚೆ ಬೀಗದ ಕೈ ಕೊಟ್ಟು ಬರ್ತಿದ್ದೆ, ಈಗ ಪ್ರಶ್ನೆ ತಗೊಂಡು ಹೋಗ್ತೀನಿ. ಕೆಲಸದ ಕಷ್ಟ ಏನು ಅಂತ ಕೈಗೆ ಗೊತ್ತಾದ ಮೇಲೆ ಅವರು ಕೇಳಿದ ಕೂಲಿಗೆ ಚೌಕಾಸಿ ಮಾಡೋಕೆ ನಾಲಿಗೆ ಏಳಲ್ಲ. ಚೌಕಾಸಿ ಮಾಡೋದು ಯಾವತ್ತೂ ಕೆಲಸ ಗೊತ್ತಿಲ್ಲದವರು.

ಭಾಯ್ ಮಕ್ಕಳಿಬ್ಬರೂ ಗ್ಯಾರೇಜಿಗೆ ಬರಲಿಲ್ಲ. ಬರಲಿ ಅಂತ ಅವರೂ ಬಯಸಲಿಲ್ಲ. ನಾಳೆ ಅವರು ಷಟರ್ ಎಳೆದರೆ ಐವತ್ತು ವರ್ಷದ ತಿಳಿವಳಿಕೆ ಒಳಗೇ ಉಳಿಯುತ್ತೆ, ಯಾಕಂದ್ರೆ ಅದನ್ನ ಯಾರೂ ಬರೆದಿಟ್ಟಿಲ್ಲ.

ಇದನ್ನ ಇಂಗ್ಲೆಂಡಿನವರು ಹೇಗೆ ನಿಭಾಯಿಸಿದರು ನೋಡಿ. ಜಾನ್ ಹೇನ್ಸ್ ಅನ್ನೋ ವಾಯುಪಡೆಯ ಯುವಕ 1965ರಲ್ಲಿ ಏಡನ್‌ನಲ್ಲಿದ್ದಾಗ, ಗೆಳೆಯನೊಬ್ಬನ ಆಸ್ಟಿನ್ ಹೀಲಿ ಸ್ಪ್ರೈಟ್ ಸ್ಪೋರ್ಟ್ಸ್ ಕಾರನ್ನು ಬಿಚ್ಚಿ ಜೋಡಿಸೋಕೆ ನೆರವಾದ. ಕಂಪನಿಯ ಪುಸ್ತಕ ಸಾಮಾನ್ಯರಿಗೆ ಉಪಯೋಗಕ್ಕೆ ಬರಲ್ಲ ಅಂತ ಗೊತ್ತಾಗಿ, ಬಿಚ್ಚುವ ಒಂದೊಂದು ಹಂತದ ಫೋಟೋ ತೆಗೆದ. ಮಾರನೇ ವರ್ಷ ಅದೇ ಪುಸ್ತಕವಾಯ್ತು. ಮೊದಲ ಮುದ್ರಣದ 3,000 ಪ್ರತಿ ಮೂರು ತಿಂಗಳೊಳಗೆ ಖಾಲಿ. ಆಮೇಲೆ ನೂರಾರು ಕಾರುಗಳಿಗೆ ಅಂಥ ಪುಸ್ತಕ ಬಂದವು. 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೇ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಹೊಸ ಬಾಡಿಯನ್ನೇ ಮಾಡಿ ಮಾರುತ್ತಿದೆ. ಕಾರ್ಖಾನೆ ಮುಚ್ಚಿ ನಾಲ್ಕು ದಶಕ ಕಳೆದರೂ ಆ ಕಾರು ಸಾಯದಿರೋದಕ್ಕೆ ಕಾರಣ ಮನೆಯ ಗ್ಯಾರೇಜಿನಲ್ಲಿ ಅದನ್ನ ಬಿಚ್ಚುವ ಸಾವಿರಾರು ಜನ. ಎಂಜಿ ಅನ್ನೋ ಹೆಸರು ಈಗ ಚೀನಾದ ಕಂಪನಿಯ ಕೈಲಿದೆ, ಆ ಬ್ಯಾಡ್ಜಿನ ಕಾರುಗಳು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗ್ತವೆ. ಹೆಸರನ್ನ ಮಾರಬಹುದು, ಕೊಳ್ಳಬಹುದು. ಕೈಗೆ ಬಂದ ತಿಳಿವಳಿಕೆಯನ್ನ ಹಾಗೆ ಮಾರೋಕಾಗಲ್ಲ.

ನನ್ನ ಕಪಾಟಿನಲ್ಲಿರುವ ರಿಪೇರಿ ಪುಸ್ತಕಗಳೆಲ್ಲ ಇಂಗ್ಲಿಷಿನವು. ಭಾಯ್‌ಗೆ ಅದು ಬೇಕಾಗಿಲ್ಲ, ಅವರ ಗ್ಯಾರೇಜಿನ ಹುಡುಗನಿಗೆ ಅದು ಓದೋಕೆ ಬರಲ್ಲ. ಪಾಯಿಂಟು, ಪ್ಲಗ್ಗು, ಟೈಮಿಂಗು, ಮಿಸ್ಸಿಂಗು ಅಂತ ಅಷ್ಟು ಸಲೀಸಾಗಿ ಕನ್ನಡವಾಗಿರುವ ಮಾತನ್ನು ಕಾಗದಕ್ಕಿಳಿಸೋಕೆ ಓದಿದವರಿಗೇ ಪುರುಸೊತ್ತಿಲ್ಲ. ಕನ್ನಡ ಉಳೀಬೇಕು ಅಂತ ನವೆಂಬರಿನಲ್ಲಿ ಟೀಶರ್ಟ್ ಹಾಕ್ಕೊಳ್ತೀವಿ. ಟ್ಯಾಪೆಟ್ ಹಿಡಿಯೋದನ್ನ ಕನ್ನಡದಲ್ಲಿ ನಾಲ್ಕು ಪುಟ ಬರೆದರೆ ಅದೂ ಕನ್ನಡ ಉಳಿಸೋ ಕೆಲಸವೇ. ನಾನು ಭಾಯ್ ಹೇಳಿದ್ದನ್ನೆಲ್ಲ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಬರೀತಾ ಬಂದಿದ್ದೀನಿ. ಎರಡನೇ ಪುಸ್ತಕ ನಡೀತಿದೆ.

ಸರ್ಕಾರವೂ 2022ರ ಡಿಸೆಂಬರಿನಲ್ಲಿ 'ರೈಟ್ ಟು ರಿಪೇರ್' ಅಂತ ಒಂದು ಪೋರ್ಟಲ್ ತೆರೆಯಿತು. ಮೊಬೈಲ್, ಗೃಹೋಪಯೋಗಿ ವಸ್ತು, ಕೃಷಿ ಉಪಕರಣಗಳ ಜೊತೆಗೆ ವಾಹನಗಳೂ ಅದರಲ್ಲಿ ಸೇರಿವೆ. ಒಳ್ಳೆಯದು. ಆದರೆ ಹಕ್ಕನ್ನ ಚಲಾಯಿಸೋಕೆ ಸ್ಪ್ಯಾನರ್ ಹಿಡಿಯೋ ಕೈ ಇರಬೇಕು. ಬಿಚ್ಚೋಕೆ ಮನಸ್ಸೇ ಇಲ್ಲದವರ ಊರಲ್ಲಿ ಕಂಪನಿಗಳು ಬೀಗ ಹಾಕದೆ ಇನ್ನೇನು ಮಾಡ್ತಾರೆ?

ಎಲ್ಲರೂ ಹೆರಾಲ್ಡ್ ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಕೊಂಡರೆ ಜೆ.ಸಿ. ರೋಡಿನಲ್ಲಿ ನನಗೇ ಪಾರ್ಟ್ಸ್ ಸಿಗಲ್ಲ. ಈ ಶನಿವಾರ ನಿಮ್ಮದೇ ಕಾರಿನ ಬಾನೆಟ್ ಎತ್ತಿ. ಇಂಜಿನ್ ತಣ್ಣಗಿರಲಿ. ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಅದ್ದಿ, ಎಣ್ಣೆಯ ಮಟ್ಟ ನೋಡಿ. ಬ್ಯಾಟರಿ ಟರ್ಮಿನಲ್ ಮೇಲೆ ಬೂಷ್ಟು ಕಟ್ಟಿದೆಯಾ ನೋಡಿ. ಏರ್ ಫಿಲ್ಟರ್ ಬಿಚ್ಚಿ ಒಂದು ಸಲ ಕೊಡವಿ. ಮಗಳೋ ಮಗನೋ ಪಕ್ಕದಲ್ಲಿ ನಿಂತಿದ್ದರೆ ಟಾರ್ಚ್ ಅವರ ಕೈಗೆ ಕೊಡಿ. ಕೈ ಕಪ್ಪಾಗುತ್ತೆ. ಸೀಗೆಪುಡಿಗೆ ಒಂದು ಚಮಚ ಸಕ್ಕರೆ, ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದರೆ ಹೋಗುತ್ತೆ.